ಬಿಳಿ ಗೂಟದಾಚೆಯ ಮೂರು ಬಳ್ಳಿ

ಬೆಳುವಾಯಿಯ ಹೇಮರಾಜನಿಗೆ ಸಂಶಯವೆಂಬುದು ನೆಗಡಿಯ ಹಾಗೆ ಬಂದು ಹೋಗುವ ಕಾಯಿಲೆಯಾಗಿರಲಿಲ್ಲ, ಅದು ಅವನ ಮೈಗುಣವೇ ಆಗಿತ್ತು. ಮನೆಯಿಂದ ಹೊರಡುವಾಗ ಗೇಟಿನ ಚಿಲಕಕ್ಕೆ ಒಂದೆಳೆ ನೂಲು ಸುತ್ತಿ ಹೋಗುವನು. ಹಿಂದಿರುಗುವಾಗ ನೂಲು ಹರಿದಿದ್ದರೆ ಯಾರು ಬಂದರು, ಯಾಕೆ ಬಂದರು, ಎಷ್ಟು ಹೊತ್ತು ಕೂತರು ಎಂದು ಹೆಂಡತಿ ಅನಂತಮತಿಯನ್ನು ಕೂರಿಸಿ ಕೇಳುವನು. ನೂಲು ಹರಿಯದೆ ಇದ್ದರೆ ಇನ್ನೂ ಕಷ್ಟ. ಬಂದವರು ಬೇಲಿ ಹಾರಿಯೇ ಬಂದಿರಬೇಕೆಂದು ಬೇಲಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುವನು. ಹಾಗೆಂದು ಕೆಟ್ಟವನಲ್ಲ. ಯಾರ ಹೊಟ್ಟೆಯ ಮೇಲೂ ಹೊಡೆದವನಲ್ಲ, ಒಬ್ಬನ ಹೊಟ್ಟೆಯ ಮೇಲೆ ಹೊಡೆದದ್ದು ಅವನಿಗೆ ಗೊತ್ತಾಗುವಾಗ ಏಳು ವರ್ಷ ಕಳೆದಿತ್ತು. ಆ ಕಥೆಯನ್ನೇ ನಾನು ಹೇಳಹೊರಟದ್ದು.

ಸರಕಾರದ ಕೃಷಿ ಕಚೇರಿಯಲ್ಲಿ ಅವನು ಫೀಲ್ಡ್‌ಮ್ಯಾನ್. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣ ಬೆರೆಸಿ ಮದ್ದು ಮಾಡುವುದು ಹೇಗೆಂದು ಊರೂರು ತಿರುಗಿ ತೋರಿಸುವ ಕೆಲಸ. ಸಾವಿರದ ಒಂಬೈನೂರ ಐವತ್ತೇಳರ ಆಟಿ ತಿಂಗಳ ಮಳೆಯಲ್ಲಿ ಅವನಿಗೊಂದು ಕಾಗದ ಬಂತು. ಘಟ್ಟದ ಮೇಲಿನ ಒಂದು ಸಂಶೋಧನಾ ಕೇಂದ್ರದವರು ಬೀಜದಿಂದ ಹೊಸದಾಗಿ ಎಬ್ಬಿಸಿದ ಹನ್ನೆರಡು ತಳಿಯ ವೈನ್ ದ್ರಾಕ್ಷಿಯನ್ನು ಬೇರೆ ಬೇರೆ ಸೀಮೆಗಳಲ್ಲಿ ನೆಟ್ಟು ನೋಡುತ್ತಾರಂತೆ. ಜಡಿಮಳೆಯ ಸೀಮೆಗೆ ಮೂರು ಜಾಗ: ಬಂಟ್ವಾಳದ ಕಡೆ ಫರಂಗಿಪೇಟೆ, ಬೆಳ್ತಂಗಡಿಯ ಕಡೆ ನೆರಿಯ, ಮೂಡುಬಿದಿರೆಯ ಕಡೆ ಬೆಳುವಾಯಿ. ಈ ಮೂರಕ್ಕೂ ಹೇಮರಾಜ ‘ಪ್ರಾದೇಶಿಕ ಪ್ರಯೋಗ ಸಂಯೋಜಕ’. ಅಷ್ಟುದ್ದದ ಪದವಿ ಊರವರ ಬಾಯಲ್ಲಿ ನಿಲ್ಲಲಿಲ್ಲ. ಅವರು ದ್ರಾಕ್ಷಿ ಹೇಮರಾಜ ಎಂದು ಕರೆದು ಸುಲಭ ಮಾಡಿಕೊಂಡರು.

ಅವನಿಗೆ ಪದವಿಗಿಂತ ಹೆಚ್ಚು ಕಚ್ಚಿದ್ದು ‘ವೈನ್’ ಎಂಬ ಎರಡಕ್ಷರ. ಜಿಲ್ಲೆಯಲ್ಲಿ ಪಾನನಿಷೇಧ. ತಾಳೆಮರಕ್ಕೆ ಒಂದು ಮಡಕೆ ಕಟ್ಟಿದರೂ ಪೊಲೀಸರು ಬರುವ ಕಾಲ. ಅದರ ಮೇಲೆ ಇವನು ಜೈನ, ಮದ್ಯ ಮಾಂಸ ಮಧು ಮೂರನ್ನೂ ದೂರ ಇಟ್ಟ ಮನೆಯವನು. ಕಾಗದವನ್ನು ಮೂರು ಸಲ ಓದಿದ. ತನ್ನನ್ನು ಸಿಕ್ಕಿಸಿಹಾಕಲು ಯಾರೋ ಹೂಡಿದ ಆಟ ಎಂದು ನಿರ್ಧರಿಸಿ ಮೇಲಿನವರಿಗೆ ಬರೆದು ಕೇಳಿದ. ಇದು ಔಷಧಕ್ಕೂ ಹೊರ ಸೀಮೆಗೂ ಹೋಗುವ ಸರಕು, ಸುಮ್ಮನೆ ಹೇಳಿದಷ್ಟು ಮಾಡಿ ಎಂದು ಉತ್ತರ ಬಂತು. ಅಂದಿನಿಂದ ಅವನು ಯಾರು ಕೇಳಿದರೂ “ಇದು ಅರಿಷ್ಟ ಮಾಡುವ ದ್ರಾಕ್ಷಿ” ಎನ್ನುತ್ತಿದ್ದ. ಆದರೂ ಒಬ್ಬ ಹೆಡ್ ಕಾನ್‌ಸ್ಟೇಬಲ್ ಅವನ ಮನೆಗೇ ಬಂದು, ಮದ್ದು ಕಲಸುವ ಮರದ ಪೀಪಾಯಿಗೆ ಮೂಗು ಹಾಕಿ ನೋಡಿದ. ಮೈಲುತುತ್ತಿನ ಘಾಟಿಗೆ ಅವನಿಗೆ ಬಂದ ಸೀನು ಬೇಗ ನಿಲ್ಲಲಿಲ್ಲ. “ನೀವು ಯಾವುದಕ್ಕೂ ಹುಷಾರಿನಲ್ಲಿರಿ” ಎಂದು ಹೇಳಿ ಹೋದ. ಹೇಮರಾಜನಿಗೆ ಹೇಳಿಕೊಡಬೇಕಾದ ಮಾತೇ ಅದು!

ಪ್ರಯೋಗದ ಕ್ರಮ ಕಷ್ಟದ್ದಲ್ಲ. ಒಂದೊಂದು ಜಾಗದಲ್ಲಿ ಹನ್ನೆರಡು ಸಾಲು, ಸಾಲಿಗೊಂದು ತಳಿ. ತಳಿಗೆ ಹೆಸರಿಲ್ಲ, ನಂಬ್ರ ಮಾತ್ರ. ಸಾಲಿಗೆ ಆರು ಬಳ್ಳಿ, ಮೂರು ಬಳ್ಳಿಯ ಬಳಿಕ ಸುಣ್ಣ ಬಳಿದ ಒಂದು ಬಿಳಿ ಗೂಟ. ಗೂಟದ ಈಚೆಯ ಮೂರಕ್ಕೆ ಮಳೆಗೆ ಮೊದಲೂ ಮಳೆಯ ನಡುವೆಯೂ ಮೈಲುತುತ್ತಿನ ಮದ್ದು ಬಿಡಬೇಕು. ಆಚೆಯ ಮೂರಕ್ಕೆ ಏನೂ ಇಲ್ಲ. ಬೂಜುರೋಗ ಬಂದರೆ ಬರಲಿ, ಸತ್ತರೆ ಸಾಯಲಿ. ಮಳೆ ಇಳಿಯುವ ಸೋಣ ತಿಂಗಳ ಕೊನೆಗೆ ಎರಡೂ ಕಡೆಯ ಎಲೆ ಎಣಿಸಿ ಬರೆಯಬೇಕು. ಮದ್ದಿಲ್ಲದೆ ನಮ್ಮ ಮಳೆಯನ್ನು ತಡೆದುಕೊಳ್ಳುವ ತಳಿ ಹನ್ನೆರಡರಲ್ಲಿ ಒಂದಾದರೂ ಉಂಟೋ ಎಂದು ತಿಳಿಯುವುದಕ್ಕೇ ಇಷ್ಟೆಲ್ಲ ಏರ್ಪಾಡು. ಅಂಥದೊಂದು ಸಿಕ್ಕಿದರೆ ಸಿಕ್ಕಿದ್ದು, ಇಲ್ಲದಿದ್ದರೆ ಈ ಸೀಮೆಗೆ ದ್ರಾಕ್ಷಿಯ ಋಣ ಇಲ್ಲ.

ಫರಂಗಿಪೇಟೆಯಲ್ಲಿ ಜಾಗ ಕೊಟ್ಟವರು ಅಬ್ದುಲ್ ಶುಕೂರ್ ಎಂಬ ವ್ಯಾಪಾರಿ, ಹೊಳೆಯ ಬದಿಯ ಗದ್ದೆ. ಮರುವರ್ಷದ ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿ ಹನ್ನೆರಡು ಸಾಲನ್ನೂ ಗೂಟ ಸಮೇತ ಹೊತ್ತುಕೊಂಡು ಹೋಯಿತು. ಸುದ್ದಿ ತಿಳಿದು ಹೇಮರಾಜ ಅಳತೆಕೋಲು ಹಿಡಿದುಕೊಂಡು ಹೋದ. ಗೋಡೆಯ ಮೇಲೆ ನೆರೆಯ ಕೆಸರು ಎಲ್ಲಿಯವರೆಗೆ ಹತ್ತಿದೆಯೆಂದು ಅಳೆದ, ಪಕ್ಕದ ಮನೆಯ ಗೋಡೆಯನ್ನೂ ಅಳೆದ.

“ನೀರು ಬಂದದ್ದು ಹೌದೋ ಅಂತ ನೋಡುವುದಾ?” ಎಂದು ಶುಕೂರ್ ಕೇಳಿದರು. “ನನ್ನ ಮಾತು ಬೇಡಾಂತಾದ್ರೆ ಹೊಳೆಯನ್ನೇ ಕೇಳಿ ಮಾರಾಯ್ರೇ. ಇಲ್ಲೇ ಉಂಟು, ಎಲ್ಲಿಗೂ ಹೋಗ್ಲಿಲ್ಲ.”

ಹೇಮರಾಜ ನಗಲಿಲ್ಲ. ಅಳತೆಯನ್ನು ಬರೆದುಕೊಂಡು ಬಂದ. ಹೀಗೆ ಮೂರರಲ್ಲಿ ಒಂದು ಹೋಯಿತು.

ಎರಡನೆಯದು ಬೆಳುವಾಯಿಯದು, ಅವನ ಸ್ವಂತ ಹಿತ್ತಿಲು. ಅವನು ತಿರುಗಾಟದಲ್ಲಿರುವಾಗ ಮದ್ದು ಬಿಡುವ ಕೆಲಸ ಅನಂತಮತಿಯದು. ತೌರಿನ ಅಡಿಕೆ ತೋಟದಲ್ಲಿ ಕೈಪಂಪು ಹಿಡಿದು ಬೆಳೆದವಳು, ಕೈಚಳಕ ಇತ್ತು. ಎರಡನೆಯ ಮಳೆಗಾಲ, ಐವತ್ತೊಂಬತ್ತರ ಸೋಣ ತಿಂಗಳಲ್ಲಿ ಹೇಮರಾಜ ಎಲೆ ಎಣಿಸಲು ಕೂತ. ಗೂಟದ ಈಚೆ ಹಸಿರು, ಆಚೆಯೂ ಹಸಿರು. ಹನ್ನೆರಡು ಸಾಲಿನಲ್ಲೂ ಹಾಗೆಯೇ. ಹೋದ ವರ್ಷವೂ ಹೀಗೆಯೇ ಇತ್ತು, ಆಗ ಹೊಸ ಮಣ್ಣಿನ ಗುಣ ಎಂದುಕೊಂಡಿದ್ದ. ಈ ಸಲ ಬಗ್ಗಿ ನೋಡಿದ. ಗೂಟದಾಚೆಯ ಎಲೆಗಳ ಅಡಿಯಲ್ಲಿ ಮದ್ದಿನ ನೀಲಿ ಚುಕ್ಕೆಗಳು.

“ಅನಂತಮತೀ, ಇದೆಂತದ್ದು?”

ಅವಳು ಅಡಗಿಸಲಿಲ್ಲ. “ಪೀಪಾಯಿಯಲ್ಲಿ ಮದ್ದು ಉಳಿಯುತ್ತಿತ್ತು. ಬಿಟ್ಟೆ.”

“ಯಾವತ್ತಿಂದ?”

“ಮೊದಲಿಂದಲೂ. ಒಂದೇ ಪಂಕ್ತಿಯಲ್ಲಿ ಆರು ಜನರನ್ನು ಕೂರಿಸಿ, ಮೂವರಿಗೆ ಬಡಿಸಿ, ಮೂವರ ಎಲೆ ಖಾಲಿ ಬಿಡುವುದು ಯಾವ ಊರಿನ ಕ್ರಮ? ಪಂಕ್ತಿಭೇದ ಮಾಡಿ ನನಗೆ ಅಭ್ಯಾಸ ಇಲ್ಲ. ನಿಮ್ಮ ಸರಕಾರಕ್ಕೆ ಅಭ್ಯಾಸ ಉಂಟಾದ್ರೆ ಅವರೇ ಬಂದು ಮಾಡ್ಲಿ.”

ಹೇಮರಾಜ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟ. ಎರಡು ವರ್ಷದ ಲೆಕ್ಕ ಹಾಳಾದದ್ದಕ್ಕಿಂತ ಹೆಚ್ಚಾಗಿ ಅವನನ್ನು ಕುಟುಕಿದ್ದು ಬೇರೆ. ಗೇಟಿಗೆ ನೂಲು ಕಟ್ಟಿದ್ದ, ಗೇಟಿನ ಒಳಗೆ ಕಟ್ಟಿರಲಿಲ್ಲ. ಹೆಂಡತಿಯೇ ಹೀಗೆ ಮಾಡಿದ ಮೇಲೆ ಇನ್ನು ಯಾರನ್ನು ನಂಬುವುದು ಎಂದು ಅವನ ಮನಸ್ಸು ಗಟ್ಟಿಯಾಯಿತು. ಇದ್ದದ್ದನ್ನು ಇದ್ದ ಹಾಗೆ ಮೇಲಕ್ಕೆ ಬರೆಯಲು ಮಾತ್ರ ಧೈರ್ಯ ಬರಲಿಲ್ಲ. ಸಂಯೋಜಕನ ಹೆಂಡತಿಯೇ ಪ್ರಯೋಗ ಕೆಡಿಸಿದಳೆಂದು ಬರೆದರೆ ಮಾನ ಉಳಿದೀತೇ? ‘ಜಾನುವಾರು ಮೇಯ್ದು ಬಳ್ಳಿಗಳು ಹಾಳಾಗಿವೆ’ ಎಂದು ಬರೆದ. ಬರೆದ ಮೇಲೆ, ಯಾರಾದರೂ ತನಿಖೆಗೆ ಬಂದರೆ ಎಂಬ ಸಂಶಯ ಹುಟ್ಟಿತು. ಮರುದಿನ ತಾನೇ ಬೇಲಿಯ ಗಳು ಸರಿಸಿ ದನಗಳನ್ನು ಒಳಗೆ ಬಿಟ್ಟ. ಅವು ಹನ್ನೆರಡು ನಂಬ್ರವನ್ನೂ ಭೇದವಿಲ್ಲದೆ ಮೇಯ್ದವು, ಉಳಿದ ಬುಡವನ್ನು ಅವನೇ ಕಿತ್ತ. ಅನಂತಮತಿ ಚಾವಡಿಯಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಉಳಿದದ್ದು ನೆರಿಯ. ಅಲ್ಲಿ ಜಾಗ ಕುಶಾಲಪ್ಪ ಗೌಡರದು, ದುಡಿಮೆ ಅವರ ಒಕ್ಕಲು ನೋಣಯ್ಯನದು. ನೋಣಯ್ಯನ ಅಪ್ಪ, ಅಜ್ಜ ಎಲ್ಲರೂ ಕಳ್ಳು ಇಳಿಸಿದವರು. ಪಾನನಿಷೇಧ ಬಂದ ಮೇಲೆ ನೋಣಯ್ಯ ಮರ ಹತ್ತುವ ಹಗ್ಗವನ್ನು ಅಟ್ಟಕ್ಕೆ ಹಾಕಿ, ನೀರು ಹರಿಯುವ ತೋಡಿನ ಬದಿಯ ಗೌಡರ ಒಂದು ತುಂಡು ಭೂಮಿಯನ್ನು ಗೇಣಿಗೆ ಹಿಡಿದು ಬದುಕುತ್ತಿದ್ದ. ಆ ತುಂಡಿನಲ್ಲೇ ಒಂದು ಮೂಲೆ ದ್ರಾಕ್ಷಿಗೆ ಹೋಗಿತ್ತು. ಮಾತು ಕಡಿಮೆ. ಹೇಳಿದ್ದು ಕೇಳುವನು, ಕೇಳಿದ್ದು ಮಾಡುವನು. ಹೇಮರಾಜನಿಗೆ ಇಂಥವರ ಮೇಲೆಯೇ ಹೆಚ್ಚು ಸಂಶಯ.

ಮೊದಲ ಮಳೆಗಾಲದ ಕೊನೆಗೆ ನೆರಿಯದಲ್ಲಿ ಹನ್ನೊಂದು ಸಾಲಿನ ಗೂಟದಾಚೆಯ ಬಳ್ಳಿಗಳು ಬೂಜು ಹಿಡಿದು ಕಡ್ಡಿಯಾಗಿದ್ದವು. ಏಳನೆಯ ನಂಬ್ರದಲ್ಲಿ ಮಾತ್ರ ಆಚೆಯ ಮೂರು ಬಳ್ಳಿ ಈಚೆಯ ಮೂರರಷ್ಟೇ ಹಸಿರಾಗಿ ನಿಂತಿದ್ದವು. ಹೇಮರಾಜ ಸತ್ತಲ್ಲಿ ಹೊಸ ಗಿಡ ನೆಡಿಸಿದ, ಏಳನೆಯದನ್ನು ಹುಬ್ಬು ಗಂಟಿಕ್ಕಿ ನೋಡಿ ಬಂದ. ಎರಡನೆಯ ಮಳೆಗಾಲದಲ್ಲಿ ಹೇಳದೆ ಕೇಳದೆ ಮೂರು ಸಲ ಹೋದ. ಬೆಳ್ತಂಗಡಿಗೆ ಬಸ್ಸು, ಅಲ್ಲಿಂದ ಕಕ್ಕಿಂಜೆಗೆ ಬಸ್ಸು, ಆಮೇಲೆ ಜಿಗಣೆ ಕೀಳುತ್ತ ಕಾಡಿನ ಬದಿಯ ನಡಿಗೆ. ಹೋದ ಸಲವೆಲ್ಲ ಏಳನೆಯ ಸಾಲು ಹಸಿರು, ಉಳಿದವು ಸಾಯುತ್ತಿದ್ದವು.

ಅವನು ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಬಿಳಿ ಗೂಟದಿಂದ ತುದಿಯ ಕಂಬದವರೆಗೆ ಬಳ್ಳಿಗಳ ಸುತ್ತ ಕಪ್ಪು ನೂಲು ಎಳೆದು ಕಟ್ಟಿ ಹೋದ. ಹದಿನೈದು ದಿನ ಬಿಟ್ಟು ಬಂದು ನೋಡಿದರೆ ನೂಲು ಕಟ್ಟಿದ ಹಾಗೆಯೇ ಇತ್ತು. ‘ದಾಟಿ ನಿಂತು ಮದ್ದು ಬಿಟ್ಟಿದ್ದಾನೆ, ಮರ ಹತ್ತುವವನಿಗೆ ನೂಲು ದಾಟುವುದು ಒಂದು ಕಷ್ಟವೇ?’ ಎಂದುಕೊಂಡ. ಎಲೆಗಳನ್ನು ಕಿತ್ತು ನೀರಿನಲ್ಲಿ ತೊಳೆದು, ಆ ನೀರಿಗೆ ಉಜ್ಜಿದ ಚೂರಿ ಅದ್ದಿ ಇಟ್ಟ. ಮೈಲುತುತ್ತು ಇದ್ದರೆ ಕಬ್ಬಿಣಕ್ಕೆ ತಾಮ್ರದ ಕೆಂಪು ಹತ್ತುತ್ತದೆ, ಅಡಿಕೆಯವರೆಲ್ಲ ಮದ್ದಿನ ಹದ ನೋಡುವ ಉಪಾಯ ಇದು. ಚೂರಿ ಬೆಳ್ಳಗೇ ಇತ್ತು. ‘ಮಳೆ ತೊಳೆದಿದೆ’ ಎಂದ. ಹೀಗೆ ನೋಣಯ್ಯನ ಪರವಾಗಿ ಸಾಕ್ಷಿ ಸಿಕ್ಕಿದಷ್ಟೂ ನೋಣಯ್ಯ ಹೆಚ್ಚು ಹೆಚ್ಚು ಚಾಲಾಕಿಯಾಗುತ್ತ ಹೋದ. ಹೇಮರಾಜನ ಕಣ್ಣೆದುರು ಅನಂತಮತಿಯ ನೀಲಿ ಚುಕ್ಕೆಗಳೇ ಇದ್ದವು, ಅವನು ಬೇರೆ ಏನನ್ನೂ ನೋಡಲಿಲ್ಲ.

ಕೊನೆಗೆ ಸೋಣ ಕಳೆದು ಒಂದು ಬೆಳಿಗ್ಗೆ ಕುಶಾಲಪ್ಪ ಗೌಡರನ್ನೂ ಕರೆದುಕೊಂಡು ಬಳ್ಳಿಯ ಎದುರಲ್ಲೇ ವಿಚಾರಣೆಗೆ ನಿಂತ. ನೋಣಯ್ಯ ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಮಾತೆಲ್ಲ ತುಳುವಿನಲ್ಲೇ ನಡೆಯಿತು.

“ಗೂಟದ ಆಚೆಗೆ ಮದ್ದು ಬಿಟ್ಟಿದ್ದೀ ಅಲ್ವಾ ನೋಣಯ್ಯ?”

“ಅಂದ್ ಧನಿ.”

ಅಂದ್ ಎಂದರೆ ತುಳುವಿನಲ್ಲಿ ಹೌದು, ಧನಿ ಎಂದರೆ ಒಡೆಯ. ಹೇಮರಾಜನ ಎದೆ ಒಮ್ಮೆ ಹಗುರವಾಯಿತು.

“ಈ ಏಳನೇ ಸಾಲಿಗೆ?”

“ಅಂದ್.”

“ಎರಡು ವರ್ಷವೂ?”

“ಅಂದ್ ಧನಿ.”

ಬಿಟ್ಟದ್ದಾದರೆ ಉಳಿದ ಹನ್ನೊಂದು ಸಾಲನ್ನು ಯಾಕೆ ಸಾಯಲು ಬಿಟ್ಟೆ ಎಂಬ ನಾಲ್ಕನೆಯ ಪ್ರಶ್ನೆ ಒಂದಿತ್ತು. ಸಣ್ಣ ಮಕ್ಕಳಿಗೂ ಹೊಳೆಯುವ ಪ್ರಶ್ನೆ. ಹೇಮರಾಜ ಅದನ್ನು ಕೇಳಲಿಲ್ಲ. ಅದಕ್ಕೆ ಉತ್ತರ ಅವನ ಬಳಿ ಮೊದಲೇ ತಯಾರಿತ್ತು. ಕಳ್ಳು ಇಳಿಸಿದ ವಂಶ, ಯಾವ ನಂಬ್ರದಲ್ಲಿ ಅಮಲು ಹೆಚ್ಚೆಂದು ಮೂಸಿಯೇ ತಿಳಿದುಕೊಂಡು ಅದೊಂದನ್ನು ಉಳಿಸಿಕೊಂಡಿದ್ದಾನೆ, ಅಷ್ಟೆ. ನನಗೆ ಹೇಮರಾಜನ ಮೇಲೆ ಸಿಟ್ಟು ಬರುವುದು ಇಲ್ಲಿ. ತನ್ನ ಮನೆಯ ತಪ್ಪನ್ನು ದನದ ತಲೆಗೆ ಕಟ್ಟಿದವನು, ಇಲ್ಲಿ ಮೂರು ‘ಅಂದ್’ಗಳನ್ನು ನೆಟ್ಟಗೆ ಕಚೇರಿಯ ಕನ್ನಡಕ್ಕೆ ತಿರುಗಿಸಿ ಬರೆದ: ‘ಏಳನೆಯ ನಂಬ್ರದ ಅಂಕಿಗಳನ್ನು ನಂಬಲಾಗದು. ಮದ್ದು ಬಿಟ್ಟದ್ದು ಹೌದೆಂದು ಕೃಷಿಕನು ಸಾಕ್ಷಿಯ ಎದುರು ಒಪ್ಪಿಕೊಂಡಿರುತ್ತಾನೆ.’

ಪ್ರಯೋಗವನ್ನು ನಿಲ್ಲಿಸಿ, ಬಳ್ಳಿಗಳನ್ನು ಕಿತ್ತು ಸುಡಲು ಅಪ್ಪಣೆಯಾಯಿತು. ಹೇಮರಾಜ ಅದನ್ನು ಹೇಳಲು ಕೊನೆಯ ಸಲ ನೆರಿಯಕ್ಕೆ ಹೋದ. “ಬೇರು ಸಮೇತ ಕೀಳಬೇಕು. ಒಂದು ಕಡ್ಡಿಯೂ ಉಳಿಯಬಾರದು” ಎಂದ. ನೋಣಯ್ಯ “ಅಂದ್ ಧನಿ” ಎಂದ. ಕುಶಾಲಪ್ಪ ಗೌಡರು ಇನ್ನೊಂದು ಕೆಲಸ ಮಾಡಿದರು. “ಸರಕಾರಕ್ಕೇ ಮೋಸ ಮಾಡಿದವ ನನ್ನನ್ನು ಬಿಡ್ತಾನಾ?” ಎಂದು ತೋಡಿನ ಬದಿಯ ಆ ಭೂಮಿಯನ್ನೇ ನೋಣಯ್ಯನ ಕೈಯಿಂದ ಬಿಡಿಸಿದರು. ನೋಣಯ್ಯ ಅದಕ್ಕೂ ಅಂದ್ ಎಂದನಂತೆ. ಅಂದಿನಿಂದ ಅವನು ಕಂಡವರ ಗದ್ದೆಯಲ್ಲಿ ಕೂಲಿಗೆ ಹೋಗತೊಡಗಿದ. ನೆರಿಯದ ಜನ ಅವನನ್ನು ದ್ರಾಕ್ಷಿಯ ಕಳ್ಳನೆಂದು ತಮಾಷೆ ಮಾಡಿದರು.

ಏಳು ವರ್ಷ ಕಳೆಯಿತು. ಹೇಮರಾಜ ನಿವೃತ್ತಿಯ ಹತ್ತಿರ ಬಂದ, ತಲೆ ಬೆಳ್ಳಗಾಯಿತು. ಗೇಟಿಗೆ ನೂಲು ಸುತ್ತುವುದು ಮಾತ್ರ ತಪ್ಪಲಿಲ್ಲ. ಅರವತ್ತಾರರಲ್ಲಿ ಘಟ್ಟದ ಮೇಲಿನ ಆ ಕೇಂದ್ರದಿಂದ ಇನ್ನೊಂದು ಕಾಗದ ಬಂತು. ಹೊಸದಾಗಿ ಬಂದ ಯಾರೋ ಒಬ್ಬರು ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಓದಿದ್ದರು. ‘ನೆರಿಯದ ಏಳನೆಯ ನಂಬ್ರದ ಅಂಕಿಗಳು ನಿಜವಾಗಿದ್ದರೆ, ಮದ್ದಿಲ್ಲದೆ ಜಡಿಮಳೆಯನ್ನು ತಾಳಿದ ತಳಿ ಅದೊಂದೇ. ಉಳಿದ ಹನ್ನೊಂದು ಸತ್ತಿರುವಾಗ ಅದೊಂದಕ್ಕೇ ಮದ್ದು ಬಿಡಲು ಕಾರಣವೇನೆಂದು ತಮ್ಮ ವರದಿಯಲ್ಲಿಲ್ಲ. ಅದರ ತಾಯಿಬಳ್ಳಿ ನಮ್ಮಲ್ಲಿ ಸತ್ತುಹೋಗಿದೆ. ಫರಂಗಿಪೇಟೆ, ಬೆಳುವಾಯಿ, ನೆರಿಯ, ಎಲ್ಲಿಯಾದರೂ ಒಂದು ಕಡ್ಡಿ ಜೀವದಿಂದ ಉಳಿದಿದೆಯೇ?’

ಹೇಮರಾಜ ಕಾಗದ ಹಿಡಿದುಕೊಂಡು ಹಿತ್ತಿಲಿಗೆ ಹೋಗಿ ನಿಂತ. ಅಲ್ಲಿ ಬಸಳೆಯ ಚಪ್ಪರ ಇತ್ತು. ಫರಂಗಿಪೇಟೆಯದನ್ನು ಹೊಳೆ ತಿಂದಿತ್ತು, ಇಲ್ಲಿಯದನ್ನು ಅವನ ದನಗಳು ತಿಂದಿದ್ದವು. ಕೇಂದ್ರದವರು ಕೇಳಿದ ಪ್ರಶ್ನೆ ತನಗೇ ಯಾಕೆ ಹೊಳೆಯಲಿಲ್ಲ ಎಂದು ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಮರುದಿನ ನಸುಕಿಗೇ ಎದ್ದು ನೆರಿಯಕ್ಕೆ ಹೊರಟ. ಅವಸರದಲ್ಲಿ ಆ ದಿನ ಗೇಟಿಗೆ ನೂಲು ಸುತ್ತಲಿಲ್ಲ.

ಕುಶಾಲಪ್ಪ ಗೌಡರು ಅಂಗಳದಲ್ಲಿ ಬೆಲ್ಲ, ನೀರು ಕೊಟ್ಟು ಕೂರಿಸಿದರು. ಅಲ್ಲೇ ಸೌದೆ ಸೀಳುತ್ತಿದ್ದ ನೋಣಯ್ಯನನ್ನು ಕರೆದರು. ಅವನು ಬಂದು ಮುಟ್ಟಾಳೆ ಕೈಗೆ ತೆಗೆದುಕೊಂಡು ನಿಂತ. ಬಹಳ ಇಳಿದುಹೋಗಿದ್ದ.

“ದ್ರಾಕ್ಷಿ ನೆಟ್ಟ ಜಾಗ ನೋಡಬೇಕಂತೆ ಇವರಿಗೆ” ಎಂದರು ಗೌಡರು. “ಆ ಮಾವಿನ ಮರದ ಬುಡದಲ್ಲಿ ಅಲ್ವನಾ ನೆಟ್ಟದ್ದು?”

“ಅಂದ್ ಧನಿ” ಎಂದ ನೋಣಯ್ಯ.

ಹೇಮರಾಜ ತಲೆ ಎತ್ತಿದ. ಮಾವಿನ ಮರ ಗುಡ್ಡದ ಮೇಲೆ ಇತ್ತು. ದ್ರಾಕ್ಷಿ ನೆಟ್ಟದ್ದು ತೋಡಿನ ಬದಿ, ಹಲಸಿನ ಹತ್ತಿರ.

“ಅಲ್ಲಲ್ಲ, ಎಂತ ಹೇಳ್ತಿದ್ದೇನೆ ನಾನು” ಎಂದು ಗೌಡರೇ ಹಣೆ ಚಚ್ಚಿಕೊಂಡರು. “ತೋಡಿನ ಬದಿ, ಹಲಸಿನ ಹತ್ತಿರ.”

“ಅಂದ್ ಧನಿ” ಎಂದ ನೋಣಯ್ಯ, ಅದೇ ಮುಖದಲ್ಲಿ, ಅದೇ ದನಿಯಲ್ಲಿ.

ಹೇಮರಾಜನ ಬಾಯಲ್ಲಿದ್ದ ಬೆಲ್ಲ ಕಹಿಯಾಯಿತು. ಹುಟ್ಟಿದಾರಭ್ಯ ಕೇಳಿದ ಮಾತು. ಅವನ ಅಜ್ಜನ ಎದುರು, ಅಪ್ಪನ ಎದುರು ಒಕ್ಕಲುಗಳೆಲ್ಲ ಹೀಗೆಯೇ ನಿಂತು ಹೀಗೆಯೇ ಹೇಳಿದ್ದರು. ಧನಿ ಹೇಳಿದ್ದು ಸರಿಯೆಂದು ಅದರ ಅರ್ಥವಲ್ಲ, ಧನಿ ಹೇಳಿದ್ದು ಕಿವಿಗೆ ಬಿತ್ತು ಎಂದಷ್ಟೇ. ಊರಿನ ಪ್ರತಿಯೊಂದು ಮಾತಿಗೂ ಒಳಗೊಂದು ಅರ್ಥ ಇರುತ್ತದೆಂದು ಹುಡುಕಿಕೊಂಡು ತಿರುಗಿದವನು, ಇದೊಂದನ್ನು ಮಾತ್ರ ಕೇಳಿದ ಹಾಗೆಯೇ ನಂಬಿದ್ದ.

ಇಬ್ಬರೇ ತೋಡಿನ ಕಡೆ ನಡೆದರು. ಅಲ್ಲೀಗ ಗೌಡರ ತೆಂಗಿನ ಸಸಿಗಳಿದ್ದವು. ಹೇಮರಾಜ ಬಹಳ ಯೋಚಿಸಿ, ಹೌದು ಎಂದು ಉತ್ತರ ಕೊಡಲಾಗದ ಹಾಗೆ ಪ್ರಶ್ನೆಯನ್ನು ಕಟ್ಟಿದ.

“ನೋಣಯ್ಯ, ಆ ಏಳನೇ ಸಾಲಿನಲ್ಲಿ ಗೂಟದಾಚೆಯ ಮೂರು ಬಳ್ಳಿಗೆ ನೀನು ಏನು ಮಾಡ್ತಿದ್ದಿ?”

“ನೋಡ್ತಿದ್ದೆ.”

“ನೋಡಿ?”

“ನೋಡಿ ಮನೆಗೆ ಹೋಗ್ತಿದ್ದೆ. ಮುಟ್ಟಬಾರದು ಅಂತ ನೀವು ಹೇಳಿದ್ದಲ್ವಾ. ಬೇರೆ ಸಾಲೆಲ್ಲ ಕಣ್ಣೆದುರೇ ಸಾಯುವಾಗ ಹೊಟ್ಟೆ ಉರೀತಿತ್ತು, ಆದ್ರೂ ಮುಟ್ಟಲಿಲ್ಲ. ಇದೊಂದು ಸಾಯಲಿಲ್ಲ ಧನಿ. ಸಾಯದಿದ್ರೆ ನಾನು ಎಂತ ಮಾಡುವುದು?”

“ಮತ್ತೆ ಅವತ್ತು ಅಂದ್ ಅಂತ ಹೇಳಿದ್ದು ಯಾಕೆ?”

ನೋಣಯ್ಯನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ನಿಮ್ಮಂಥವರು ಗೌಡ್ರ ಎದುರು ‘ಬಿಟ್ಟಿದ್ದೀ’ ಅಂತ ಹೇಳುವಾಗ ‘ಇಲ್ಲ’ ಅಂತ ಹೇಳಿ ನಿಮ್ಮ ಮುಖ ಕೆಡಿಸುವುದು ಹೇಗೆ? ಅಂದ್ ಅಂದೆ. ಬಿಟ್ಟೆ ಅಂತ ನಾನು ಯಾವಾಗ ಹೇಳಿದೆ ಧನಿ?”

ತಪ್ಪಾಯಿತು ಎಂದು ಹೇಳಬೇಕಾಗಿದ್ದ ಹೇಮರಾಜ ಆ ತೆಂಗಿನ ಸಸಿಗಳನ್ನು ನೋಡಿದ, ಬೇರೆಯವರ ಸೌದೆ ಸೀಳಿ ದೊರಗಾದ ನೋಣಯ್ಯನ ಅಂಗೈ ನೋಡಿದ. ಅಳು ಬಂತು, ಅಳಲಿಲ್ಲ.

“ಬಳ್ಳಿಗಳನ್ನು ಏನು ಮಾಡಿದಿ?”

“ನೀವು ಹೇಳಿದ ಹಾಗೆ ಮಾಡಿದೆ. ಬೇರು ಸಮೇತ ಕಿತ್ತು ಇಲ್ಲೇ ರಾಶಿ ಹಾಕಿ ಸುಟ್ಟೆ. ಬೂದಿಯನ್ನು ಗೌಡ್ರ ಬದನೆಗೆ ಹಾಕಿದೆ.”

ಹೇಮರಾಜ ಸುತ್ತ ನೋಡಿದ. ಬೇಲಿ, ತೋಡಿನ ದರೆ, ಕಾಡಿನ ಅಂಚು. ಮನುಷ್ಯರೆಲ್ಲ ಕದಿಯುತ್ತಾರೆ, ಮುಚ್ಚಿಡುತ್ತಾರೆ ಎಂದು ಜೀವಮಾನವಿಡೀ ನಂಬಿ ಬಂದವನಿಗೆ, ಎದುರಿಗಿರುವ ಈ ಒಬ್ಬನಾದರೂ ಕದ್ದಿರಲಿ ಎಂದು ಆಸೆಯಾಯಿತು. ಅಷ್ಟು ಆಸ್ಥೆಯಿಂದ ಅವನು ಬಸದಿಯಲ್ಲಿ ಕೂಡ ಏನನ್ನೂ ಬೇಡಿಕೊಂಡವನಲ್ಲ. ನೋಣಯ್ಯನ ಎರಡೂ ಕೈ ಹಿಡಿದುಕೊಂಡ.

“ಒಂದು ಕಡ್ಡಿ, ಒಂದೇ ಒಂದು ಕಡ್ಡಿ, ನನ್ನ ಕಣ್ಣು ತಪ್ಪಿಸಿ ಎಲ್ಲಿಯಾದ್ರೂ ನೆಟ್ಟಿದ್ದೀ ಅಲ್ವಾ ಮಾರಾಯ? ನಾನು ಯಾರಿಗೂ ಹೇಳುವುದಿಲ್ಲ. ಉಂಟಲ್ವಾ?”

ನೋಣಯ್ಯ ಅವನ ಮುಖವನ್ನು ನೋಡಿದ. ಪಾಪ ಅನ್ನಿಸಿರಬೇಕು.

“ಅಂದ್ ಧನಿ” ಎಂದ.